ಎರಡು ರಿಂಗಿನ ಗುರುತು

"ಎಸ್‌ಟಿಡಿ ಅಂತ ಬೋರ್ಡ್ ಹಾಕಿದೀರಲ್ಲ, ಬೂತ್ ಎಲ್ಲಿದೆ?"

ನೀಲಾಂಬಿಕಾ ನನ್ನ ಜೊತೆ ಆಡಿದ ಮೊದಲ ಮಾತು ಇದು. ನಾನು ಯಾರದೋ ಮೊಬೈಲಿನ ಹೊಟ್ಟೆ ಬಿಚ್ಚಿಟ್ಟುಕೊಂಡು ಸ್ಪೀಕರಿಗೆ ತಂತಿ ಬೆಸೆಯುತ್ತಿದ್ದೆ. ತಲೆ ಎತ್ತದೆ ಮೂಲೆಯ ಗಾಜಿನ ಗೂಡಿನ ಕಡೆ ಕೈ ತೋರಿಸಿದೆ. ಅದರೊಳಗೆ ಫೋನ್ ಇದ್ದದ್ದು ಹಳೆಯ ಮಾತು. ಈಗ ಮೊಬೈಲ್ ಕವರು, ಚಾರ್ಜರು ನೇತು ಹಾಕಿದ್ದೆ.

"ಇದರಲ್ಲಿ ಹೇಗ್ರೀ ಮಾತಾಡೋದು? ಚಾರ್ಜರ್ ಕಿವಿಗೆ ಇಟ್ಕೊಂಡಾ?"

"ಮೇಡಂ, ಎರಡು ಸಾವಿರದ ಏಳನೇ ಇಸವಿ ಇದು. ಸೊಪ್ಪು ಮಾರೋರ ಹತ್ರಾನೂ ಮೊಬೈಲ್ ಇದೆ. ನಿಮ್ಮ ಹತ್ರ ಇಲ್ವಾ?"

"ಇಲ್ಲ. ಬೇಡ."

ಆಗ ತಲೆ ಎತ್ತಿದೆ. ನಲವತ್ತರ ಹತ್ತಿರದ ಹೆಂಗಸು. ತಿಳಿಹಸಿರು ಸೀರೆ, ಹಣೆಯ ಮೇಲೆ ವಿಭೂತಿಯ ತೆಳು ಗೆರೆ, ಬೆರಳ ತುದಿಯಲ್ಲಿ ಪ್ರಿಂಟರಿನ ಮಸಿ. ಕನ್ನಡಕದ ಹಿಂದಿನ ಕಣ್ಣು ನನ್ನ ಅಂಗಡಿಯ ಒಂದೊಂದು ಬೋರ್ಡನ್ನೂ ಓದುತ್ತಿತ್ತು.

"ಯಾಕೆ ಬೇಡ?"

"ಹಸುವಿನ ಕೊರಳಿಗೆ ಗಂಟೆ ಯಾಕೆ ಕಟ್ತಾರೆ? ಎಲ್ಲಿ ಮೇಯ್ತಾ ಇದೆ ಅಂತ ಗೊತ್ತಾಗ್ಲಿ ಅಂತ. ನಮ್ಮಣ್ಣ ಮೊಬೈಲ್ ಕೊಡಿಸ್ತೀನಿ ಅಂದ. ನಾನು ಬೇಡಪ್ಪಾ ಅಂದೆ."

ನನಗೆ ನಗು ಬಂತು. ನನಗೆ ಬೇಗ ಬರುವುದು ಸಿಟ್ಟು, ನಗುವಲ್ಲ. ಅಂಗಡಿಯ ಮುಂದೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಮುನಿತಾಯಮ್ಮ ಸದ್ದು ಕೇಳಿ ಕತ್ತು ತಿರುಗಿಸಿ ನೋಡಿದಳು. ಏಳು ವರ್ಷದಿಂದ ಅಲ್ಲೇ ಕೂತಿದ್ದಾಳೆ, ನಾನು ನಕ್ಕಿದ್ದು ಅವಳು ಕೇಳಿರಲಿಲ್ಲ.

"ಆ ಹೂವಿನಮ್ಮನ ಪಕ್ಕ ಕಾಯಿನ್ ಬಾಕ್ಸ್ ಇದೆ. ಅದರಲ್ಲಿ ಮಾಡ್ಕೊಳ್ಳಿ" ಎಂದೆ.

ಅವಳು ಫೋನ್ ಮಾಡಿ ಹೋದಳು. ನಾನು ಬೆಸೆದ ತಂತಿ ಬೇರೆ ಕಡೆ ಅಂಟಿಕೊಂಡಿತ್ತು.

ಅವಳಿಗೆ ಕೆಲಸ ಎರಡು ಬೀದಿ ಆಚೆಯ ಬ್ರೌಸಿಂಗ್ ಸೆಂಟರಿನಲ್ಲಿ. ಅಫಿಡವಿಟ್ಟು, ಲಗ್ನಪತ್ರಿಕೆ, ಬಯೋಡಾಟಾ, ಯಾರು ಏನು ತಂದರೂ ಟೈಪ್ ಮಾಡಿ ಕೊಡುವುದು. ಮನೆ ಕೆಂಗೇರಿ ಉಪನಗರದಲ್ಲಿ, ಅಣ್ಣ ಅತ್ತಿಗೆಯ ಜೊತೆ. ಮದುವೆ ಆಗಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ.

ದಿನವೆಲ್ಲ ಇಂಟರ್‌ನೆಟ್ಟಿನ ಮುಂದೆ ಕೂರುವ ಅವಳ ಹತ್ತಿರ ಮೊಬೈಲ್ ಇಲ್ಲ. ದಿನವೆಲ್ಲ ಮೊಬೈಲ್ ಬಿಚ್ಚುವ ನಾನು ಇಂಟರ್‌ನೆಟ್ ಎಂದರೆ ಏನೆಂದು ಕಣ್ಣಿಂದ ನೋಡಿಲ್ಲ. ಇಬ್ಬರೂ ಇದನ್ನು ಹೇಳಿಕೊಂಡು ನಗುತ್ತಿದ್ದೆವು.

ಸಂಜೆ ಐದೂವರೆಗೆ ಕೆಲಸ ಬಿಟ್ಟು ಬಸ್ಸಿಗೆ ಹೋಗುವ ದಾರಿಯಲ್ಲೇ ನನ್ನ ಅಂಗಡಿ. ಮೊದಮೊದಲು ಕಾಯಿನ್ ಬಾಕ್ಸಿಗೆ ಅಂತ ಬಂದಳು. ಆಮೇಲೆ ಮುನಿತಾಯಮ್ಮನ ಕಾಕಡ ಹೂವಿಗೆ ಅಂತ. ಆಮೇಲೆ ಯಾವ ನೆಪವೂ ಇಲ್ಲದೆ.

"ಏನ್ ಬೂತಿನವರೇ, ಇವತ್ತು ಯಾರ ಮೇಲೆ ಸಿಟ್ಟು?"

"ಕಸ್ಟಮರ್ ಕೇರ್ ಮೇಲೆ. ಕನ್ನಡಕ್ಕೆ ಒಂದು ಒತ್ತಿ ಅಂತಾನೆ. ಒತ್ತಿದೆ. ಹಿಂದೀಲಿ ಶುರು ಮಾಡ್ದ. ಮತ್ತೆ ಒತ್ತಿದೆ, ಹಾಡು ಹಾಕ್ದ. ಅರ್ಧ ಗಂಟೆ ಹಾಡು ಕೇಳಿಸಿ, ನಿಮ್ಮ ಕರೆ ನಮಗೆ ಮುಖ್ಯ ಅಂತಾನೆ. ಮುಖ್ಯ ಆದ್ರೆ ಮೊದ್ಲು ಎತ್ತಯ್ಯ."

ಅವಳು ನಕ್ಕಳು. ನಗುವಾಗ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಮಸಿ ಬೆರಳಿನಿಂದಲೇ ಹಿಂದಕ್ಕೆ ತಳ್ಳುತ್ತಿದ್ದಳು, ಮೂಗಿನ ಮೇಲೆ ಒಂದು ಕಪ್ಪು ಚುಕ್ಕೆ ಉಳಿಯುತ್ತಿತ್ತು. ಹೇಳಬೇಕೆಂದು ದಿನಾ ಅನ್ನಿಸುತ್ತಿತ್ತು. ಹೇಳಿದರೆ ಒರೆಸಿಕೊಂಡುಬಿಡುತ್ತಾಳೆ ಎಂದು ಸುಮ್ಮನಿರುತ್ತಿದ್ದೆ.

"ಇನ್ನೂ ಹೇಳಿ" ಅನ್ನುತ್ತಿದ್ದಳು.

ನಾನು ಊರ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನು. ನನ್ನ ಮಾತನ್ನು ಇನ್ನೂ ಹೇಳಿ ಎಂದು ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಸಾಕು ಅಂದವರೇ ಜಾಸ್ತಿ. ಹಾಗಾಗಿ ಹೇಳಿದೆ.

"ಸಿಮ್ಮಿಗೆ ಅಡ್ರೆಸ್ ಪ್ರೂಫ್ ಕೇಳ್ತಾರೆ. ಬಾಡಿಗೆ ಮನೆಯೋನು ಎಲ್ಲಿಂದ ತರ್ತಾನೆ? ಓನರು ಕಾಗದ ಮಾಡ್ಕೊಡಲ್ಲ, ರೇಷನ್ ಕಾರ್ಡ್ ಊರಲ್ಲಿದೆ. ಬಾಗಲಕೋಟೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದೋನು ಅವರವ್ವನ ಜೊತೆ ಮಾತಾಡ್ಬೇಕು ಅಂದ್ರೆ, ಮೊದ್ಲು ಬೆಂಗಳೂರಲ್ಲಿ ಮನೆ ಕಟ್ಟಿಸ್ಬೇಕಾ?"

"ಮತ್ತೆ?"

"ಈ ಚೈನಾ ಸೆಟ್. ನಾಲ್ಕು ಸ್ಪೀಕರ್ ಅಂತೆ. ಜೇಬಲ್ಲಿ ಫೋನ್ ಇಟ್ಕೊಂಡಿದಾನೋ ಬ್ಯಾಂಡ್ ಸೆಟ್ ಇಟ್ಕೊಂಡಿದಾನೋ. ಬಸ್ಸಲ್ಲಿ ಒಬ್ಬನಿಗೆ ಫೋನ್ ಬಂದ್ರೆ ಐವತ್ತು ಜನ ಮೆರವಣಿಗೆ ಹೋಗ್ಬೇಕು."

ಒಮ್ಮೊಮ್ಮೆ ಅವಳೇ ನನಗೆ ಪಾಠ ಹೇಳುತ್ತಿದ್ದಳು. ಕಾಲೇಜು ಹುಡುಗರು ಆರ್ಕುಟ್ ಅಂತ ಸಾಯುತ್ತಿದ್ದ ಕಾಲ. ಅದೇನು ಎಂದು ಕೇಳಿದೆ.

"ಸ್ನೇಹಿತರ ಪುಟಕ್ಕೆ ಹೋಗಿ ಏನಾದ್ರೂ ಬರೀಬಹುದು. ಎಲ್ರೂ ಓದ್ತಾರೆ."

"ಬೇರೆಯವರ ಕಾಂಪೌಂಡ್ ಮೇಲೆ ಇದ್ದಲಿಯಲ್ಲಿ ಬರೆಯೋದು ಅನ್ನಿ. ನಮ್ಮೂರಲ್ಲಿ ಅದಕ್ಕೆ ಒದೀತಿದ್ರು."

ನಕ್ಕು ನಕ್ಕು ಅವಳಿಗೆ ಕೆಮ್ಮು ಬಂತು. ಕಣ್ಣು ಒರೆಸಿಕೊಂಡು ವ್ಯಾನಿಟಿ ಬ್ಯಾಗಿನಿಂದ ರದ್ದಿ ಹಾಳೆಯ ಚೂರು ತೆಗೆದು ಏನೋ ಗೀಚಿದಳು. ಹೀಗೆ ಗೀಚುವುದನ್ನು ಮೊದಲೂ ನೋಡಿದ್ದೆ.

"ಏನದು ಬರ್ಕೋತೀರಿ?"

"ಮನೆಗೆ ಸಾಮಾನು. ಉದ್ದಿನಬೇಳೆ ಮುಗಿದಿದೆ, ನೆನಪಾಯ್ತು."

ನಾನು ನಂಬಿದೆ. ಇಷ್ಟು ನಗುವ ಹೆಂಗಸಿಗೆ ನಡುವೆ ಉದ್ದಿನಬೇಳೆ ನೆನಪಾಗುತ್ತದಲ್ಲ, ಅಣ್ಣನ ಮನೆಯಲ್ಲಿ ಎಷ್ಟು ಕೆಲಸವೋ ಪಾಪ ಎಂದು ಮರುಕಪಟ್ಟೆ ಕೂಡ.

"ಏನ್ ರುದ್ರೇಸಪ್ಪ, ಕಟಿಂಗ್ ಮಾಡಿಸ್ಕೊಂಡು ಇಸ್ತ್ರಿ ಅಂಗಿ ಹಾಕಿದೀಯ. ಇವತ್ತು ಯಾವ ದೇವರ ಹಬ್ಬ?" ಎಂದು ಮುನಿತಾಯಮ್ಮ ಕೇಳುವ ಮಟ್ಟಕ್ಕೆ ಬಂತು.

"ಹೂ ಕಟ್ಟು ಸುಮ್ನೆ."

"ಕಟ್ತೀನಿ ಕಣಪ್ಪ. ಹಾರ ಎಷ್ಟುದ್ದ ಬೇಕು ಅಂತ ಹೇಳಿದ್ರೆ ಈಗಿಂದ್ಲೇ ಕಟ್ತೀನಿ."

ಅವಳ ಮೇಲೆ ಮಾತ್ರ ನನಗೆ ಸಿಟ್ಟು ಬರಲಿಲ್ಲ.

ದಿನಾ ಅಂಗಡಿ ಮುಂದೆ ನಿಂತರೆ ಜನ ನೋಡುತ್ತಾರೆ ಎಂದು ನೀಲಾಂಬಿಕಾಳೇ ಹೇಳಿದ್ದು. ವಾಟರ್ ಟ್ಯಾಂಕ್ ಹಿಂದೆ ಒಂದು ಪಾರ್ಕಿದೆ, ಹೊಂಗೆ ಮರದ ಕೆಳಗೆ ಒಂದು ಕಲ್ಲುಬೆಂಚು. ಸಂಜೆ ನಾಲ್ಕರಿಂದ ಎಂಟು ಅಂತ ಗೇಟಿಗೆ ಬೋರ್ಡು.

"ಪಾರ್ಕಿಗೂ ಆಫೀಸ್ ಟೈಮ್ ಮಾಡಿದಾರೆ ನೋಡಿ" ಎಂದೆ. "ಎಂಟಕ್ಕೆ ಬೀಗ. ಮರ ಏನು ಡ್ಯೂಟಿ ಮುಗಿಸಿ ಮನೆಗೆ ಹೋಗುತ್ತಾ?"

"ನೀವು ಬರ್ತೀರೋ ಇಲ್ವೋ ಹೇಳಿ."

"ಬರ್ತೀನಿ. ನೀವು ಬಂದಿದೀರ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ನಿಮ್ಮ ಹತ್ರ ಗಂಟೆ ಇಲ್ವಲ್ಲ."

ಕನ್ನಡಕದ ಮೇಲಿನಿಂದ ನನ್ನನ್ನು ಒಂದು ಕ್ಷಣ ನೋಡಿದಳು. ತುಟಿ ನಗಲಿಲ್ಲ, ಕಣ್ಣು ನಕ್ಕಿತು.

"ದಾರೀಲಿ ಯಾವ ಕಾಯಿನ್ ಬಾಕ್ಸ್ ಖಾಲಿ ಇರುತ್ತೋ ಅಲ್ಲಿಂದ ಎರಡು ರಿಂಗ್ ಕೊಟ್ಟು ಕಟ್ ಮಾಡ್ತೀನಿ. ನಂಬರ್ ನೋಡೋಕೆ ಹೋಗ್ಬೇಡಿ. ಎರಡು ರಿಂಗ್ ಅಂದ್ರೆ ನಾನು."

ಆಗ ಇಡೀ ಬೆಂಗಳೂರು ಮಿಸ್ಡ್ ಕಾಲಿನ ಮೇಲೆ ಬದುಕುತ್ತಿತ್ತು. ಹಾಲಿನವನಿಗೆ ಒಂದು ರಿಂಗ್ ಎಂದರೆ ಅರ್ಧ ಲೀಟರ್, ಗಂಡನಿಗೆ ಮೂರು ರಿಂಗ್ ಎಂದರೆ ಮನೆಗೆ ಬಾ. ಎತ್ತದಿದ್ದರೆ ಕಾಸಿಲ್ಲ. ಕಂಪನಿಯವರಿಗೆ ಸಿಗದ ಹಾಗೆ ಬಡವರು ಮಾಡಿಕೊಂಡ ಟೆಲಿಗ್ರಾಂ ಅದು. ನನ್ನ ಮೊಬೈಲು ದಿನಕ್ಕೆ ಐವತ್ತು ಸಲ ಹೊಡೆದುಕೊಳ್ಳುತ್ತಿತ್ತು, ಎಲ್ಲ ರೀಚಾರ್ಜಿನವರದು. ಐದೂವರೆಯ ಹೊತ್ತಿಗೆ ಎರಡು ಸಲ ಹೊಡೆದು ನಿಂತರೆ ಮಾತ್ರ ನನ್ನೆದೆ ಮೂರನೆಯದನ್ನು ಹೊಡೆಯುತ್ತಿತ್ತು.

ಜೂನ್ ಕೊನೆಯ ಒಂದು ಸಂಜೆ ಅವಳಿಗೆ ಒಂದು ವಿಷಯ ಹೇಳಿದೆ. ಯಾಕೆ ಹೇಳಿದೆನೋ. ಹೊಂಗೆಯ ಎಲೆ ಸಂದಿಯಿಂದ ಬಿಸಿಲು ಅವಳ ಮಡಿಲಲ್ಲಿ ಬಿದ್ದು ಅಲ್ಲಾಡುತ್ತಿತ್ತು. ಅದನ್ನು ನೋಡುತ್ತಾ ಹೇಳಿದೆ.

"ಬೂತ್ ಇದ್ದಾಗ ನಮ್ಮ ಬೀದಿ ಮೂವತ್ತು ಮನೆಗೂ ನಂದೇ ಪಿ.ಪಿ. ನಂಬರ್. ಫೋನ್ ಬಂದ್ರೆ ಓಡಿಹೋಗಿ ಕೂಗೋನು ನಾನು. ವೆಂಕಟಲಕ್ಷ್ಮಮ್ಮೋರೇ, ನಿಮ್ಮ ಮಗಳ ಫೋನು ಅಂತ. ಎಲ್ಲರಿಗೂ ಫೋನ್ ಬಂತು. ನನ್ನ ಹೆಂಡ್ತಿ ನನ್ನ ಸಿಟ್ಟು ತಾಳಲಾರ್ದೆ ತವರಿಗೆ ಹೋದ್ಳಲ್ಲ, ಆಮೇಲೆ ಆರು ತಿಂಗಳು ಪ್ರತಿ ಸಲ ರಿಂಗ್ ಆದಾಗ್ಲೂ ಅವಳದೇ ಅನ್ಕೊಂಡು ಎತ್ತಿದೀನಿ. ಎತ್ತಿ, ಬೇರೆಯವರನ್ನ ಕರೆಯೋಕೆ ಓಡಿದೀನಿ. ಕೊನೆಗೆ ಬಂದದ್ದು ಕೋರ್ಟಿನ ಕಾಗದ. ಹದಿನೆಂಟು ವರ್ಷದಲ್ಲಿ ನನಗೆ ಅಂತ ರಿಂಗ್ ಆಗಿದ್ದು ನಿಮ್ಮದೊಂದೇ ನೀಲಾ."

ಅವಳು ಕನ್ನಡಕ ತೆಗೆದಳು. ಕನ್ನಡಕವಿಲ್ಲದ ಅವಳ ಮುಖ ನಾನು ನೋಡಿದ್ದು ಅದೇ ಮೊದಲು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬೆಸುಗೆ ಕಡ್ಡಿ ತಾಗಿ ಸುಟ್ಟ ನನ್ನ ಹೆಬ್ಬೆರಳನ್ನು ಹಿಡಿದುಕೊಂಡು, ಗೇಟಿನವನು ಸೀಟಿ ಊದುವವರೆಗೂ ಬಿಡಲಿಲ್ಲ.

"ಆಷಾಢ ಕಳೀಲಿ" ಎಂದೆ. "ನಿಮ್ಮಣ್ಣನ ಹತ್ರ ಬಂದು ಮಾತಾಡ್ತೀನಿ."

"ಹೂಂ" ಎಂದಳು, ತಲೆ ಎತ್ತದೆ.

ಆ ಒಂದು ಹೂಂ ಅನ್ನು ಎದೆಗಿಟ್ಟುಕೊಂಡು ಮನೆಗೆ ಹೋದೆ. ಅಡುಗೆ ಮಾಡುವುದನ್ನೂ ಮರೆತೆ.

ನಾಲ್ಕನೇ ದಿನ, ಬುಧವಾರ, ಸಂಜೆ ಐದಕ್ಕೇ ಎರಡು ರಿಂಗ್ ಬಂತು. ಬೇಗ ಬಿಟ್ಟಿದ್ದಾಳೆ ಅಂದುಕೊಂಡು ಅಂಗಡಿ ಮುಚ್ಚಿ ಹೋದೆ. ಅವಳಿರಲಿಲ್ಲ. ಗೇಟು ಮುಚ್ಚುವವರೆಗೂ ಕೂತಿದ್ದೆ. ಮಾರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಎರಡು ರಿಂಗ್. ಆ ಹೊತ್ತಿಗೆ ಪಾರ್ಕಿಗೆ ಬೀಗ ಇರುತ್ತದೆಂದು ಗೊತ್ತು. ಆದರೂ ಏನೋ ಆಗಿದೆ, ಅಣ್ಣ ಜಗಳ ತೆಗೆದಿರಬೇಕು ಎಂದು ಗಾಬರಿಯಾಗಿ ಅರ್ಧಕ್ಕೆ ಬಿಚ್ಚಿದ ಫೋನನ್ನು ಹಾಗೇ ಬಿಟ್ಟು ಓಡಿದೆ. ಬೀಗ ಹಾಕಿದ ಗೇಟಿನ ಮುಂದೆ ಬಿಸಿಲಲ್ಲಿ ನಿಂತೆ. ದಾರಿಯಲ್ಲಿ ಹೋಗುವವರು ನೋಡಿದರು. ಯಾರೋ ಎದುರು ಮಹಡಿಯಿಂದ ನಕ್ಕ ಹಾಗಾಯಿತು. ಅದು ನನಗೆ ಅಂತ ಅಂದುಕೊಳ್ಳಲಿಲ್ಲ.

ಅವತ್ತು ಸಂಜೆ ಅವಳು ಅಂಗಡಿಗೇ ಬಂದಳು.

"ಬೆಳಿಗ್ಗೆ ರಿಂಗ್ ಕೊಟ್ಟಿದ್ರಾ? ನಿನ್ನೆ ಐದಕ್ಕೂ ಬಂತು."

ಅವಳು ಗಾಜಿನ ಗೂಡಿನೊಳಗೆ ನೇತಾಡುವ ಚಾರ್ಜರುಗಳನ್ನು ನೋಡಿದಳು.

"ಹೂಂ. ನಾನೇ ಕೊಟ್ಟಿದ್ದು."

"ಬರ್ಲಿಲ್ಲವಲ್ಲ ಮತ್ತೆ?"

"ಓನರ್ ಕೆಲಸ ಕೊಟ್ಬಿಟ್ರು. ಕಾದ್ರಾ? ಸಾರಿ ಬೂತಿನವರೇ."

"ಅಯ್ಯೋ ಬಿಡಿ. ಕಾಯೋದು ನಮ್ಮ ಜಾತಕದಲ್ಲೇ ಇದೆ" ಎಂದೆ. ಖುಷಿಯಿಂದಲೇ ಎಂದೆ. ಕೊಟ್ಟಿದ್ದು ಅವಳೇ, ಅಷ್ಟು ಸಾಕು ಅನ್ನಿಸಿತು.

ಪಕ್ಕದ ಮನೆಯ ಮಹಡಿ ರೂಮಿನಲ್ಲಿ ನಿಖಿತಾ ಅಂತ ಒಬ್ಬಳು ಇದ್ದಳು. ಜ್ಞಾನಭಾರತಿಯಲ್ಲಿ ಎಂ.ಎ. ಓದುವವಳು, ದಾವಣಗೆರೆ ಕಡೆಯವಳು. ಶನಿವಾರ ರೀಚಾರ್ಜಿಗೆ ಬಂದು, ರೀಚಾರ್ಜ್ ಆದ ಮೇಲೂ ಹೋಗದೆ ನಿಂತಳು.

"ಅಂಕಲ್, ಬೈಯಲ್ಲ ಅಂದ್ರೆ ಒಂದು ಹೇಳ್ತೀನಿ. ನಿಮಗೆ ಗೊತ್ತಿದ್ದೇ ಮಾಡ್ತಿದೀರೋ ಏನೋ."

"ಏನಮ್ಮ?"

"ಬ್ಲಾಗಲ್ಲಿ ಬರ್ತಿದೀರಲ್ಲ. ನಮ್ಮ ಕ್ಲಾಸಲ್ಲಿ ಎಲ್ಲ ಓದ್ತಾರೆ. ಮೊದಲು ನೀವು ಅಂತ ಗೊತ್ತಿರಲಿಲ್ಲ. ಹೂವಿನ ಅಜ್ಜಿ, ಗಾಜಿನ ಗೂಡು, ವಾಟರ್ ಟ್ಯಾಂಕ್ ಅಂತೆಲ್ಲ ಬಂದ್ಮೇಲೆ ಯಾರೋ ಕಂಡುಹಿಡಿದ್ರು."

ಅವಳು ಹೇಳಿದ್ದು ಒಂದೂ ನನಗೆ ಅರ್ಥವಾಗಲಿಲ್ಲ. ಅದನ್ನು ನೋಡಿ ಅವಳ ಮುಖ ಸಣ್ಣದಾಯಿತು. ಬ್ಯಾಗಿನಿಂದ ಹನ್ನೊಂದು ಪ್ರಿಂಟ್ ಹಾಳೆ ತೆಗೆದು ಕೌಂಟರಿನ ಮೇಲಿಟ್ಟು, "ಓದಿ ಅಂಕಲ್. ಸಾರಿ" ಎಂದು ಹೋದಳು.

ಮೊದಲ ಹಾಳೆಯ ತಲೆಯಲ್ಲಿ ದಪ್ಪ ಅಕ್ಷರ: ಬೂತಿನವರು ಹೇಳಿದ್ದು.

ಬೂತಿನವರೇ ಎಂದು ನೀಲಾ ಕರೆದಾಗೆಲ್ಲ ಅದು ನನ್ನ ಮುದ್ದಿನ ಹೆಸರು ಎಂದುಕೊಂಡಿದ್ದೆ.

ಕಸ್ಟಮರ್ ಕೇರ್ ಇತ್ತು. ಬ್ಯಾಂಡ್ ಸೆಟ್ ಇತ್ತು. ಬಾಗಲಕೋಟೆಯವನ ಅವ್ವ ಇದ್ದಳು. ಮರ ಡ್ಯೂಟಿ ಮುಗಿಸಿ ಹೋಗುವುದಿತ್ತು. ನನ್ನ ಬಾಯಿಂದ ಬಂದ ಹಾಗೇ, ಒಂದಕ್ಷರ ಆಚೀಚೆ ಇಲ್ಲದೆ. ಅವಳು ಬರೆದುಕೊಂಡ ಉದ್ದಿನಬೇಳೆ ಎಲ್ಲ ಇಲ್ಲೇ ಇತ್ತು. ಪ್ರತಿಯೊಂದರ ಕೆಳಗೂ ಜನ ಬರೆದಿದ್ದರು. ಹೊಟ್ಟೆ ಹುಣ್ಣಾಯ್ತು. ಅಂಕಲ್ ಸೂಪರ್. ಇಂಥ ಹಳ್ಳಿ ಗಮಾರರನ್ನ ಎಲ್ಲಿ ಹುಡುಕ್ತೀರಿ ಮೇಡಂ. ಅದಕ್ಕೆ ಅವಳು ಎರಡು ಚುಕ್ಕೆ ಒಂದು ಬ್ರಾಕೆಟ್ ಹಾಕಿದ್ದಳು. ಅದು ನಗುವ ಮುಖ ಎಂದು ಅವಳೇ ನನಗೆ ಹೇಳಿಕೊಟ್ಟಿದ್ದಳು.

ನಕ್ಕಿದ್ದಕ್ಕೆ ನಾನು ಸಾಯುವುದಿಲ್ಲ. ನಗಲಿ ಎಂದೇ ಎಷ್ಟೋ ಮಾತು ಆಡಿದ್ದೇನೆ. ಹತ್ತನೇ ಹಾಳೆಗೆ ಬಂದೆ.

ವೆಂಕಟಲಕ್ಷ್ಮಮ್ಮೋರೇ, ನಿಮ್ಮ ಮಗಳ ಫೋನು. ಆರು ತಿಂಗಳು. ಕೋರ್ಟಿನ ಕಾಗದ. ನನಗೆ ಅಂತ ರಿಂಗ್ ಆಗಿದ್ದು ನಿಮ್ಮದೊಂದೇ. ಎಲ್ಲ ಇತ್ತು. ಎರಡು ರಿಂಗಿನ ಗುರುತೂ ಇತ್ತು, ಹೊಂಗೆ ಮರದ ಬೆಂಚೂ ಇತ್ತು.

ಅದರ ಕೆಳಗೆ ಒಬ್ಬ ಬರೆದಿದ್ದ: ಅಂಗಡಿ ಸಿಕ್ತು ಗುರು. ನಂಬರ್ ಬೋರ್ಡ್ ಮೇಲೇ ಇದೆ. ಇವತ್ತು ಐದಕ್ಕೆ ಎರಡು ರಿಂಗ್ ಕೊಟ್ಟೆ, ಅಂಕಲ್ ಪಾರ್ಕಿಗೆ ಓಡಿದ್ರು. ಇನ್ನೊಬ್ಬ: ಮಗಾ ನಾಳೆ ನಂದು. ತಾರೀಖು ನೋಡಿದೆ. ಬುಧವಾರ.

ಅದಕ್ಕೂ ಕೆಳಗೆ ಅವಳದು, ಬುಧವಾರ ರಾತ್ರಿಯದು: ದಯವಿಟ್ಟು ಹಾಗೆಲ್ಲ ಮಾಡಬೇಡಿ, ಅವರಿಗೆ ಬೇಜಾರಾಗುತ್ತೆ.

ಅಂದರೆ ಗುರುವಾರ ಸಂಜೆ ನಾನು ಕೇಳಿದಾಗ ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ, ಚಾರ್ಜರುಗಳನ್ನು ನೋಡಿಕೊಂಡು, ನಾನೇ ಕೊಟ್ಟಿದ್ದು ಅಂದಳು.

ಹಾಳೆ ಮಡಿಸಿಕೊಂಡು ಎದ್ದೆ. "ಎಲ್ಲಿಗಪ್ಪಾ ಬಾಗಿಲು ಹಾಕ್ದೆ?" ಎಂದು ಮುನಿತಾಯಮ್ಮ ಕೂಗಿದ್ದು ಕೇಳಿಸಿತು. ಎರಡು ಬೀದಿ ದಾಟುವಷ್ಟರಲ್ಲಿ ಅವಳನ್ನು ಏನೇನು ಬೈಯಬೇಕೆಂದು ಸಾಲಾಗಿ ಜೋಡಿಸಿಕೊಂಡಿದ್ದೆ. ಸೆಂಟರಿನ ಬಾಗಿಲು ತಳ್ಳಿದೆ. ಯಾರದೋ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿತು. ಮೂಗಿನ ಮೇಲೆ ಮಸಿಯ ಚುಕ್ಕೆ ಇತ್ತು.

ಜೋಡಿಸಿಕೊಂಡ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಹಾಳೆಗಳನ್ನು ಅವಳ ಕೀಬೋರ್ಡಿನ ಮೇಲಿಟ್ಟೆ.

"ಉದ್ದಿನಬೇಳೆ ತಂದಿದೀನಿ" ಎಂದು ಹೇಳಿ ಹೊರಟುಬಂದೆ.

ಅವಳು ಹಿಂದೆಯೇ ಬಂದಳು. ಪಾರ್ಕಿನ ಗೇಟು ಆಗಷ್ಟೇ ತೆರೆದಿತ್ತು. ಬೆಂಚಿನ ಮೇಲೆ ಕೂರಲು ನನಗೆ ಮನಸ್ಸಾಗಲಿಲ್ಲ. ನಿಂತೇ ಇದ್ದೆವು.

"ನಗಿಸೋಕೆ ಬರೆದಿದ್ದಲ್ಲ ನಾನು" ಎಂದಳು. "ಹದಿನಾರು ವರ್ಷದಿಂದ ಬೇರೆಯವರದನ್ನೇ ಟೈಪ್ ಮಾಡ್ತಿದೀನಿ. ಅವರ ಮದುವೆ, ಅವರ ಸೈಟು, ಅವರ ತಿಥಿ. ಮೊದಲ್ನೇ ಸಲ ನಂದು ಅಂತ ಒಂದು ಬರೆದೆ. ಜನ ಓದಿದ್ರು. ನಾಳೆ ಏನು ಅಂತ ಕೇಳಿದ್ರು. ನನ್ನನ್ನ ಯಾರೂ ಹಾಗೆ ಕೇಳಿರಲಿಲ್ಲ."

"ನಿಮ್ಮದಾ ಅದು?"

ಕನ್ನಡಕವನ್ನು ಹಿಂದಕ್ಕೆ ತಳ್ಳಿಕೊಂಡಳು.

"ನನ್ನ ಮಾತು, ನನ್ನ ಅಂಗಡಿ, ನನ್ನ ಹೆಂಡ್ತಿ ಬಿಟ್ಟುಹೋಗಿದ್ದು. ಇದರಲ್ಲಿ ನಿಮ್ಮದು ಯಾವುದು ತೋರ್ಸಿ. ಟೈಪ್ ಮಾಡಿದ್ದಾ?"

"ನಿಮ್ಮ ಹೆಸರು ಹಾಕಿಲ್ಲ."

"ಎರಡು ರಿಂಗ್ ಹಾಕಿದ್ರಲ್ಲ. ನನ್ನ ಹೆಸರು ಹಾಕಿದ್ರೂ ಬೇಜಾರಿರಲಿಲ್ಲ."

"ಕೆಟ್ಟದಾಗಿ ಬರೆದಿಲ್ಲ ರುದ್ರೇಶ್ ಅವರೇ. ಹತ್ತನೇದನ್ನ ಓದಿ ಎಷ್ಟೋ ಜನ ಅತ್ತಿದಾರೆ."

"ಅಳ್ಲಿ. ಅವರ ಮನೇಲಿ ಕೂತು ಅಳ್ಲಿ. ನಾನು ಹೇಳಿದ್ದು ಒಬ್ಬರಿಗೆ. ಗುರುವಾರ ಆ ಬಿಸಿಲಲ್ಲಿ ಗೇಟಿನ ಮುಂದೆ ನಿಂತಿದ್ದೆ. ಕೋತಿ ಹಾಗೆ. ಸಂಜೆ ನಿಮ್ಮನ್ನ ಕೇಳಿದೆ. ನಾನೇ ಕೊಟ್ಟಿದ್ದು ಅಂದ್ರಿ. ಅವರು ಆಟ ಆಡಿದ್ರು, ಅವರಿಗೆ ನಾನು ಯಾರು? ನೀವು ಆ ಆಟಕ್ಕೆ ನಿಮ್ಮ ಹೆಸರು ಕೊಟ್ರಿ."

"ನಿಜ ಹೇಳಿದ್ರೆ ನೀವು ಹೋಗ್ಬಿಡ್ತಿದ್ರಿ."

"ಈಗ ಇಲ್ಲೇ ಇದೀನಾ?"

ಹೊಂಗೆಯ ಎಲೆಯೊಂದು ಅವಳ ತಲೆಯ ಮೇಲೆ ಬಿತ್ತು. ತೆಗೆಯಬೇಕೆಂದು ನನ್ನ ಕೈ ಎದ್ದಿತು, ಅಭ್ಯಾಸಬಲ. ಜೇಬಿಗೆ ಹಾಕಿಕೊಂಡೆ.

"ಇನ್ನೊಂದು ಕೇಳ್ತೀನಿ" ಎಂದೆ. "ಹತ್ತನೇ ಹಾಳೆಯನ್ನ ಮೂರು ಸಲ ಓದಿದೆ. ನನ್ನದೆಲ್ಲ ಇದೆ. ಅವತ್ತು ನೀವು ಅತ್ತಿದ್ದು ಎಲ್ಲಿ? ನನ್ನ ಬೆರಳು ಹಿಡ್ಕೊಂಡಿದ್ದು ಎಲ್ಲಿ? ನನ್ನನ್ನ ಬೀದಿಯಲ್ಲಿ ನಿಲ್ಲಿಸಿ ನೀವು ಮಾತ್ರ ಮನೆಯೊಳಗೆ ಉಳ್ಕೊಂಡ್ರಲ್ಲ."

ಅವಳು ಬಾಯಿ ತೆರೆದಳು. ನಾನು ಕಾಯದೆ ಗೇಟಿನ ಕಡೆ ನಡೆದೆ.

ಆಮೇಲಿನ ದಿನಗಳು ಹೇಗಿದ್ದವು ಎಂದರೆ, ಎರಡು ರಿಂಗ್ ನಿಲ್ಲಲಿಲ್ಲ. ಅವಳು ಬ್ಲಾಗ್ ಮುಚ್ಚಿದ್ದಾಳೆ ಎಂದು ನಿಖಿತಾ ಬಂದು ಹೇಳಿದಳು. ಮುಚ್ಚಿದರೇನು, ಓದಿದವರು ಮರೆತಿಲ್ಲವಲ್ಲ. ದಿನಕ್ಕೆ ಮೂವತ್ತು ಸಲ ಎರಡು ರಿಂಗ್. ಊಟಕ್ಕೆ ಕೂತಾಗ, ಸ್ನಾನಕ್ಕೆ ಹೋದಾಗ, ಶಿವಪೂಜೆಗೆ ಕೂತಾಗ. ಎತ್ತಿ ಬೈದರೆ ಅವರಿಗೆ ಇನ್ನೂ ಮಜಾ.

"ಆ ನಂಬರ್ ಬಿಸಾಕಿ ಬೇರೆ ತಗೋ, ರುದ್ರೇಸಪ್ಪ" ಎಂದಳು ಮುನಿತಾಯಮ್ಮ. "ಮಾರೋನು ನೀನೇ ಅಲ್ವಾ?"

"ಇಷ್ಟು ವರ್ಷದ ಗಿರಾಕಿಗಳ ಹತ್ರ ಇರೋದು ಇದೇ ನಂಬರ್. ಬೇರೆ ದೇಶದಲ್ಲಿ ಕಂಪನಿ ಬದಲಾಯಿಸಿದ್ರೂ ನಂಬರ್ ಉಳ್ಸಿಕೋಬಹುದಂತೆ. ನಮ್ಮ ಸರ್ಕಾರ ಬಿಟ್ಟಿಲ್ಲ ಇನ್ನೂ. ಜನರಿಗೆ ನಂಬರಿನ ಬೆಲೆ ಏನು ಅಂತ ಡೆಲ್ಲಿಯೋರಿಗೆ ಏನು ಗೊತ್ತು?"

"ಕಂಪನಿ ಕತೆ ಹೇಳ್ಬೇಡ ನಂಗೆ. ನಾನೇನು ಕೂಸಾ?"

ಅವಳು ಕೂಸಲ್ಲ. ಮೂವತ್ತರಲ್ಲಿ ಒಂದು ನೀಲಾಳದ್ದಿರಬಹುದು ಎಂದೇ ನಾನು ಆ ನಂಬರು ಇಟ್ಟುಕೊಂಡಿದ್ದೆ. ಯಾವುದು ಎಂದು ಮಾತ್ರ ಗೊತ್ತಾಗುವಂತಿರಲಿಲ್ಲ. ಬೆಳಿಗ್ಗೆ ಎಂಟರ ರಿಂಗಾ, ಸಂಜೆ ಐದೂವರೆಯದಾ? ನಂಬರ್ ನೋಡೋಕೆ ಹೋಗ್ಬೇಡಿ, ಎರಡು ರಿಂಗ್ ಅಂದ್ರೆ ನಾನು ಅಂದಿದ್ದಳು. ಈಗ ಎರಡು ರಿಂಗ್ ಅಂದರೆ ಊರವರೆಲ್ಲ. ನಮ್ಮ ಪಾಲಿಗೆ ಇದ್ದ ಒಂದೇ ಒಂದು ಬಾಗಿಲು, ಅದರ ಬೀಗದ ಕೈ ಅವಳೇ ಊರಿಗೆಲ್ಲ ಹಂಚಿದ್ದಳು. ಇದನ್ನು ನೆನೆದು ಸಿಟ್ಟಾಗುವಾಗಲೇ ಫೋನು ಎರಡು ಸಲ ಬಡಿದುಕೊಂಡು ನಿಲ್ಲುತ್ತಿತ್ತು. ನಿಂತ ಮೇಲೂ ಅದನ್ನೇ ನೋಡುತ್ತಿದ್ದೆ.

ಆಷಾಢ ಕಳೆಯಿತು. ಶ್ರಾವಣದ ಮೊದಲ ಸೋಮವಾರ, ಸಂಜೆ ಆರೂವರೆ. ಮುನಿತಾಯಮ್ಮ ಬಿಲ್ವಪತ್ರೆ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಳು. ಫೋನ್ ಹೊಡೆಯಿತು. ಒಂದು, ಎರಡು. ನಾನು ಸ್ಕ್ರೂಡ್ರೈವರ್ ಕೆಳಗಿಡಲೂ ಇಲ್ಲ.

ಮೂರು ಹೊಡೆಯಿತು. ನಾಲ್ಕು. ಐದು.

ಗಿರಾಕಿ ಇರಬೇಕೆಂದು ನಂಬರ್ ನೋಡಿದೆ. ಯಾವುದೋ ಲ್ಯಾಂಡ್‌ಲೈನು, ಕೆಂಗೇರಿ ಕಡೆಯದು. ಆರು. ಏಳು.

"ಎತ್ತಪ್ಪ" ಎಂದಳು ಮುನಿತಾಯಮ್ಮ, ನನ್ನ ಕಡೆ ನೋಡದೆ. "ಹುಡುಗಾಟದೋರು ಇಷ್ಟು ಹೊತ್ತು ಕಾಯಲ್ಲ."

ಎತ್ತಿದೆ. ಕಾಯಿನ್ ಬಾಕ್ಸಿನೊಳಗೆ ನಾಣ್ಯ ಬೀಳುವ ಸದ್ದು ಕೇಳಿಸಿತು. ನಮ್ಮ ಇಷ್ಟು ದಿನದ ಮಾತುಕತೆಯಲ್ಲಿ ಅವಳು ಹಾಕಿದ ಮೊದಲ ನಾಣ್ಯ.

"ನಾನು" ಎಂದಳು.

ಸ್ಕ್ರೂಡ್ರೈವರ್ ಕೆಳಗಿಟ್ಟೆ.

"ಒಂದೇ ರೂಪಾಯಿ ಇದೆ. ಮಧ್ಯೆ ಮಾತಾಡ್ಬೇಡಿ. ಗುರುವಾರದ ಸುಳ್ಳಿಗೆ ನಿಮ್ಮ ಕ್ಷಮೆ ಕೇಳ್ತೀನಿ. ಎರಡು ರಿಂಗ್ ಬರೆದಿದ್ದಕ್ಕೂ ಕೇಳ್ತೀನಿ. ಮಿಕ್ಕಿದ್ದು ಬರೆದಿದ್ದಕ್ಕೆ ಕೇಳಲ್ಲ. ಕೇಳಿದ್ರೆ ಅದೂ ಸುಳ್ಳೇ. ಬರೆಯುವಾಗ ನಾನು ಖುಷಿಯಾಗಿದ್ದೆ."

ರಸ್ತೆಯಲ್ಲಿ ಲಾರಿಯೊಂದು ಹೋಯಿತು, ಅವಳ ಕಡೆಯದೋ ನನ್ನ ಕಡೆಯದೋ.

"ಅಳು ಎಲ್ಲಿ ಅಂದ್ರಲ್ಲ. ಅವತ್ತು ಉತ್ತರ ಇರಲಿಲ್ಲ. ಆಮೇಲೆ ಯೋಚನೆ ಮಾಡಿದೆ. ಅದನ್ನೂ ಟೈಪ್ ಮಾಡಿದ್ದೆ. ಹಾಕೋಕೆ ಮುಂಚೆ ಅಳಿಸಿದೆ. ಇದು ಅವರಿಗೆ ಯಾಕೆ, ಇದು ನಮ್ಮಿಬ್ಬರದು ಅನ್ನಿಸ್ತು. ನಿಮ್ಮದನ್ನ ಹಾಕುವಾಗ ಹಾಗನ್ನಿಸ್ಲಿಲ್ಲ ನೋಡಿ. ಅದೇ ನಾನು ಮಾಡಿದ ಪಾಪ."

"ನೀಲಾ" ಎಂದೆ. ಬೇಡವೆಂದರೂ ಬಂತು.

"ಆಷಾಢ ಕಳೀತು ಅಂತ ಹೇಳೋಕೆ ಮಾಡಿದ್ದಲ್ಲ. ನೀವು ಬರಲ್ಲ ಅಂತ ಗೊತ್ತು. ಒಂದು ಸಲನಾದ್ರೂ ನೀವು ಎತ್ತೋ ಹಾಗೆ ಫೋನ್ ಮಾಡ್ಬೇಕು ಅನ್ನಿಸ್ತು. ನಿಮಗೆ ಅಂತ."

ಟೈಮ್ ಮುಗಿಯುವ ಬೀಪ್ ಶುರುವಾಯಿತು. ಏನಾದರೂ ಹೇಳಬೇಕಿತ್ತು. ಕ್ಷಮಿಸಿದ್ದೇನೆ ಎಂದರೆ ಸುಳ್ಳಾಗುತ್ತಿತ್ತು. ಇನ್ನು ಫೋನ್ ಮಾಡಬೇಡಿ ಎಂದರೂ ಸುಳ್ಳೇ. ನಮ್ಮಿಬ್ಬರ ನಡುವೆ ಗುರುವಾರದ ಒಂದು ಸುಳ್ಳೇ ಸಾಕು. ಬೀಪ್ ನಿಂತು ಲೈನು ಸತ್ತಿತು. ಫೋನ್ ಇನ್ನೂ ಸ್ವಲ್ಪ ಹೊತ್ತು ಕಿವಿಗೇ ಇತ್ತು.

ಯಾವ ರಿಂಗಿಗೆ ಅಂತ ಆ ನಂಬರು ಇಟ್ಟುಕೊಂಡಿದ್ದೆನೋ ಅದು ಬಂದಾಗಿತ್ತು. ಕೂತಲ್ಲೇ ಫೋನಿನ ಬೆನ್ನು ಬಿಚ್ಚಿದೆ. ಬ್ಯಾಟರಿ ತೆಗೆದೆ. ಸಿಮ್ ಹೊರಗೆಳೆದು ಬೆಸುಗೆ ಕಡ್ಡಿಯ ತುದಿಯನ್ನು ಅದಕ್ಕೆ ಇಟ್ಟೆ. ಸಣ್ಣದಾಗಿ ಹೊಗೆ ಬಂತು.

ಮಾರನೇ ದಿನ ಪೇಂಟರನ್ನು ಕರೆಸಿ ಬೋರ್ಡು ಅಳಿಸಿದೆ. ಎಸ್‌ಟಿಡಿ ಹೋಯಿತು. ಮೊಬೈಲ್ ರಿಪೇರಿ ಎಂದಷ್ಟೇ ಬರೆಸಿದೆ.

"ನಂಬರ್ ಏನು ಹಾಕ್ಲಿ ಅಣ್ಣ?" ಎಂದ.

"ನಂಬರ್ ಬೇಡ."

"ಅದೇನು? ಮೊಬೈಲ್ ಅಂಗಡಿಗೆ ನಂಬರ್ ಇಲ್ಲದೆ?"

"ಬೇಕಾದವರು ಬಂದು ಮಾತಾಡ್ಲಿ."

ಅವನು ಹೋದ ಮೇಲೆ ಮುನಿತಾಯಮ್ಮ ಬೋರ್ಡನ್ನು ತಲೆ ಎತ್ತಿ ನೋಡಿದಳು. ಅವಳಿಗೆ ಓದು ಬರುವುದಿಲ್ಲ, ನಂಬರು ಬರುತ್ತದೆ.

"ಆವಮ್ಮ ಫೋನ್ ಮಾಡಿದ್ರೆ?"

"ಆವಮ್ಮಂಗೆ ಕಾಲಿದೆ."

"ನಡ್ಕೊಂಡು ಬಂದ್ರೆ?"

ಐದೂಮುಕ್ಕಾಲಿನ ಕೆಂಗೇರಿ ಬಸ್ಸು ಎದುರಿನಿಂದ ಹಾದುಹೋಯಿತು. ನಾನು ಬೆನ್ನು ತಿರುಗಿಸಿ, ಗಾಜಿನ ಗೂಡಿನಿಂದ ಚಾರ್ಜರುಗಳನ್ನು ಒಂದೊಂದಾಗಿ ಬಿಚ್ಚಿ ಕೆಳಗಿಟ್ಟೆ. ಒಳಗೆ ಹಳೆಯ ಸ್ಟೂಲು ಹಾಗೇ ಇತ್ತು. ಧೂಳು ಒರೆಸಿದೆ.

"ಯಾಕಪ್ಪಾ ಅದನ್ನ ಖಾಲಿ ಮಾಡ್ತೀಯ?" ಎಂದಳು ಮುನಿತಾಯಮ್ಮ.

"ಸುಮ್ನೆ" ಎಂದೆ. "ಗಾಜು ಕೊಳೆಯಾಗಿತ್ತು."